ದಪ್ಪ ಓರೆ ಸೆರಿಫ್ ಅಕ್ಷರ: ಎಲ್ಲಿ ಹಾಕಬೇಕು, ಎಲ್ಲಿ ಕೈಬಿಡಬೇಕು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಸಲ ಬೋರ್ಡುಗಳನ್ನೇ ನೋಡಿಕೊಂಡು ನಡೆಯಿರಿ. ಬೇಕರಿ, ಬಟ್ಟೆ ಅಂಗಡಿ, ಟ್ಯೂಷನ್ ಸೆಂಟರ್, ಕಲ್ಯಾಣ ಮಂಟಪ. ಅಲ್ಲಲ್ಲಿ ಇಂಗ್ಲಿಷ್ ಹೆಸರು ದಪ್ಪಗಿದೆ, ಬಲಕ್ಕೆ ವಾಲಿದೆ, ಗೆರೆಯ ತುದಿಗಳಲ್ಲಿ ಪುಟ್ಟ ಮೊನೆಗಳಿವೆ. ಇದೇ ಬೋಲ್ಡ್ ಇಟಾಲಿಕ್ ಸೆರಿಫ್. ಅದರ ಜೋಡಿಗೆ ಸರಿಹೋಗಲಿ ಎಂದು ಮೇಲಿನ ಕನ್ನಡ ಹೆಸರನ್ನೂ ಹಿಡಿದು ಓರೆ ಮಾಡಿರುತ್ತಾರೆ. ಅಲ್ಲಿಗೆ ಒತ್ತಕ್ಷರ ಎಡಕ್ಕೆ, ತಲೆಕಟ್ಟು ಬಲಕ್ಕೆ, ಹೆಸರು ಎರಡೂ ಇಲ್ಲದ ಕಡೆಗೆ.

ಡಿಟಿಪಿ, ಫ್ಲೆಕ್ಸ್, ಲಗ್ನಪತ್ರಿಕೆ, ನೋಟ್ಸು, ಪ್ರಶ್ನೆಪತ್ರಿಕೆಗಳ ಕೆಲಸ ಮಾಡುವವರಿಗಾಗಿ ಈ ಬರಹ. ಇದರಲ್ಲಿ ಒತ್ತಿ ಹೇಳುವುದು ಒಂದೇ ಮಾತು: ಓರೆ ಇಂಗ್ಲಿಷಿಗಿರಲಿ, ಕನ್ನಡಕ್ಕೆ ತೂಕ (ಎಂದರೆ ಗೆರೆಯ ದಪ್ಪ) ಕೊಡಿ. ಉಳಿದದ್ದೆಲ್ಲ ಅದನ್ನು ಮಾಡುವ ಬಗೆ.

ಅಕ್ಷರದ ಗುಣ

ಇಟಾಲಿಕ್ ಮತ್ತು ಬೋಲ್ಡ್ ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ಇಟಾಲಿಕ್ ಬಂದದ್ದು ಕೈಬರಹದಿಂದ. ವೆನಿಸ್ಸಿನಲ್ಲಿ ಆಲ್ಡಸ್ ಮನೂಷಿಯಸ್ ಎಂಬ ಮುದ್ರಕನಿಗಾಗಿ ಫ್ರಾನ್ಸೆಸ್ಕೊ ಗ್ರಿಫೊ ಕೊರೆದ ಓರೆ ಅಚ್ಚಿನಲ್ಲಿ 1501ರಲ್ಲಿ ಪೂರ್ತಿ ಪುಸ್ತಕವೇ ಹೊರಬಂತು. ಆಗ ಓರೆಯಾಗಿದ್ದದ್ದು ಸಣ್ಣಕ್ಷರ ಮಾತ್ರ, ದೊಡ್ಡಕ್ಷರ ನೇರವಾಗಿಯೇ ನಿಂತಿತ್ತು. ಪಠ್ಯದ ನಡುವೆ ಒಂದು ಪದವನ್ನು ಎತ್ತಿ ತೋರಿಸಲು ದಪ್ಪ ಅಕ್ಷರ ಬಳಸುವ ರೂಢಿ ಬಲಿತದ್ದು 19ನೇ ಶತಮಾನದಲ್ಲಿ. ಲಂಡನ್ನಿನಲ್ಲಿ 1845ರಲ್ಲಿ ಬಂದ ಕ್ಲಾರೆಂಡನ್ ಅದರಲ್ಲಿ ಹೆಸರಾದ ಅಚ್ಚು. ಇವೆರಡನ್ನೂ ಕೂಡಿಸಿದ ಬೋಲ್ಡ್ ಇಟಾಲಿಕ್ ಅದಕ್ಕೂ ಈಚಿನ ಕೂಸು. ಈ ಹಿನ್ನೆಲೆ ತಿಳಿದಿದ್ದರೆ ಕೆಲಸಕ್ಕೆ ಬರುತ್ತದೆ. ಗ್ಯಾರಮಂಡ್, ಬಾಸ್ಕರ್‌ವಿಲ್ ಮುಂತಾದ ಹಳೆಯ ಹೆಸರಿನ ಫಾಂಟುಗಳಲ್ಲಿ ಕಾಣುವ ಬೋಲ್ಡ್ ಇಟಾಲಿಕ್ ಅನ್ನು ಮೂಲದ ಕುಶಲಕರ್ಮಿ ಕೊರೆದದ್ದಲ್ಲ, ಆಮೇಲಿನವರು ಊಹಿಸಿ ಬರೆದದ್ದು. ಒಂದೇ ಹೆಸರಿನ ಎರಡು ಕಂಪನಿಯ ಫಾಂಟಿನಲ್ಲಿ ಈ ರೂಪ ಬೇರೆ ಬೇರೆ ಕಾಣುವುದು ಇದರಿಂದಲೇ. ಹಾಗಾಗಿ ಹೆಸರು ನಂಬಿ ಆರಿಸಬೇಡಿ, ಪ್ರಿಂಟ್ ತೆಗೆದು ನೋಡಿ.

ಅಂಕಿ ಹಿಡಿದು ಮಾತಾಡಲು ಎಲ್ಲ ಕಂಪ್ಯೂಟರಿನಲ್ಲೂ ಇರುವ ಟೈಮ್ಸ್ ಒಳ್ಳೆಯದು. ಲಂಡನ್ನಿನ ಪತ್ರಿಕೆಯೊಂದಕ್ಕಾಗಿ 1932ರಲ್ಲಿ ಬಳಕೆಗೆ ಬಂದ ಫಾಂಟು ಅದು. ಅಕ್ಷರಗಾತ್ರವನ್ನು 1000 ಭಾಗ ಮಾಡಿದರೆ ಬೋಲ್ಡ್‌ನಲ್ಲಿ ದಪ್ಪ ಗೆರೆಯ ಅಗಲ ಸುಮಾರು 139 ಭಾಗ, ಬೋಲ್ಡ್ ಇಟಾಲಿಕ್‌ನಲ್ಲಿ ಸುಮಾರು 121. ಎಂದರೆ ಓರೆಯಾದಾಗ ಗೆರೆ ಸಪೂರವಾಗುತ್ತದೆ. ಬೋಲ್ಡ್ ಹೆಡ್ಡಿಂಗಿನ ನಡುವೆ ಒಂದು ಪದವನ್ನು ಬೋಲ್ಡ್ ಇಟಾಲಿಕ್ ಮಾಡಿದರೆ ಅದು ಜೋರಾಗಿ ಕೇಳುತ್ತದೆ ಎಂದುಕೊಳ್ಳಬೇಡಿ, ಬೇರೆ ದನಿಯಲ್ಲಿ ಕೇಳುತ್ತದೆ ಅಷ್ಟೆ. ತೆಳು ಗೆರೆ ಸುಮಾರು 42 ಭಾಗ, ಅಂದರೆ ಗಾತ್ರದ ಶೇ. 4ರ ಆಸುಪಾಸು. ಈ ನಾಲ್ಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಲೆಕ್ಕಕ್ಕೆ ಬೇಕು. ವಾಲು ಸುಮಾರು 15 ಡಿಗ್ರಿ. ಇನ್ನೊಂದು ಅನುಕೂಲ: ಅಂಕಿಗಳ ಅಗಲ ರೆಗ್ಯುಲರ್, ಇಟಾಲಿಕ್, ಬೋಲ್ಡ್, ಬೋಲ್ಡ್ ಇಟಾಲಿಕ್ ನಾಲ್ಕೂ ರೂಪದಲ್ಲಿ ಒಂದೇ, ಗಾತ್ರದ ಅರ್ಧ. 12 ಪಾಯಿಂಟಿನಲ್ಲಿ (72 ಪಾಯಿಂಟಿಗೆ ಒಂದು ಇಂಚು) ಪ್ರತಿ ಅಂಕಿಗೂ 6 ಪಾಯಿಂಟ್ ಜಾಗ. ದರಪಟ್ಟಿಯ ಒಂದು ಸಾಲನ್ನು ಮಾತ್ರ ದಪ್ಪ ಓರೆ ಮಾಡಿದರೂ ಕಾಲಂ ಅಲುಗುವುದಿಲ್ಲ.

ಸ್ವಭಾವ ಕೇಳಿದರೆ, ಇದು ಉತ್ಸಾಹದ ಅಕ್ಷರ. ನೇರ ಬೋಲ್ಡ್ ಆಜ್ಞೆ ಮಾಡುತ್ತದೆ, ಬರೀ ಇಟಾಲಿಕ್ ಪಿಸುಗುಟ್ಟುತ್ತದೆ, ಇದು ಕರೆಯುತ್ತದೆ. ಹಾಗಾಗಿ ಹೆಸರು, ಒಂದು ಸಾಲಿನ ಆಹ್ವಾನ, ಸಿಹಿತಿಂಡಿ ಡಬ್ಬದ ಮೇಲಿನ ಮಾತು, ವಿಶೇಷಾಂಕದ ಲೇಖನದ ತಲೆಬರಹಕ್ಕೆ ಚೆಂದ. ಔಷಧದ ಪ್ರಮಾಣ, ಎಚ್ಚರಿಕೆ ಫಲಕ, ಬಸ್ಸಿನ ಮಾರ್ಗ, ಫೋನ್ ನಂಬರಿಗೆ ಬೇಡವೇ ಬೇಡ. ಉದ್ದ ಎಷ್ಟಿರಬೇಕು? ಎಂಟು ಹತ್ತು ಪದ, ಒಂದು ಸಾಲು. ಪ್ಯಾರಾ ಪೂರ್ತಿ ಹಾಕಿದರೆ ಕಪ್ಪು ಹೆಚ್ಚಾಗಿ, ಸಾಲು ಸಾಲೂ ಬಲಕ್ಕೆ ಓಡಿ ಕಣ್ಣು ದಣಿಯುತ್ತದೆ. ಉಪ್ಪಿನಕಾಯಿಯನ್ನು ಎಲೆಯ ತುದಿಯಲ್ಲಿ ಬಡಿಸುವ ಹಾಗೆ.

ನಿಜವೋ ನಕಲೋ

ಕಂಟ್ರೋಲ್ ಬಿ, ಕಂಟ್ರೋಲ್ ಐ ಒತ್ತಿದ ಮಾತ್ರಕ್ಕೆ ಬೋಲ್ಡ್ ಇಟಾಲಿಕ್ ಬರುವುದಿಲ್ಲ. ಫಾಂಟಿನಲ್ಲಿ ಆ ರೂಪ ಪ್ರತ್ಯೇಕ ಫೈಲಾಗಿ ಇರಬೇಕು. ಇಲ್ಲದಿದ್ದರೆ ವರ್ಡ್, ಫೋಟೊಶಾಪ್‌ನಂಥವು ನೇರ ಅಕ್ಷರವನ್ನೇ ತಳ್ಳಿ ಓರೆ ಮಾಡಿ, ಸುತ್ತ ಒಂದು ಗೆರೆ ಬಳಿದು ದಪ್ಪ ಮಾಡಿ ಕೊಡುತ್ತವೆ. ಅದು ನಕಲಿ.

ಪತ್ತೆ ಮಾಡುವುದು ಸುಲಭ. ಇಂಗ್ಲಿಷಿನ ಸಣ್ಣ ಎ, ಸಣ್ಣ ಎಫ್, ಸಣ್ಣ ಡಬ್ಲ್ಯೂ ಟೈಪ್ ಮಾಡಿ 200 ಪಾಯಿಂಟಿಗೆ ದೊಡ್ಡದು ಮಾಡಿ. ನಿಜವಾದ ಇಟಾಲಿಕ್‌ನಲ್ಲಿ ಸಣ್ಣ ಎ ಕೈಯಲ್ಲಿ ಬರೆದ ಹಾಗೆ ಒಂದೇ ಹೊಟ್ಟೆಯದು, ತಲೆ ಮೇಲೆ ಕೊಕ್ಕೆ ಇರುವುದಿಲ್ಲ. ಎಫ್‌ನ ಬಾಲ ಸಾಮಾನ್ಯವಾಗಿ ಅಕ್ಷರ ಕೂರುವ ಗೆರೆಯ ಕೆಳಗೆ ಇಳಿದಿರುತ್ತದೆ. ಡಬ್ಲ್ಯೂನ ಮೂಲೆಗಳು ದುಂಡಾಗಿರುತ್ತವೆ. ನಕಲಿಯಲ್ಲಿ ಎ ಅದೇ ಎರಡಂತಸ್ತಿನ ಎ, ಗಾಳಿಗೆ ವಾಲಿದ ಬೇಲಿಕಂಬದ ಹಾಗೆ. ಎಫ್ ಗೆರೆಯ ಮೇಲೇ ನಿಂತಿರುತ್ತದೆ, ಪಾದದ ಮೊನೆಗಳು ಎರಡೂ ಕಡೆ ಹಾಗೇ ಉಳಿದಿರುತ್ತವೆ. ನಕಲಿ ದಪ್ಪಕ್ಕೆ ಇನ್ನೊಂದು ಗುರುತಿದೆ: ತೆಳು ಗೆರೆಯೂ ದಪ್ಪ ಗೆರೆಯೂ ಒಂದೇ ಅಳತೆಯಲ್ಲಿ ಊದಿಕೊಂಡಿರುತ್ತವೆ, ಇ ಮತ್ತು ಎ ಅಕ್ಷರಗಳ ಹೊಟ್ಟೆಯೊಳಗಿನ ಬಿಳಿ ಮುಚ್ಚಿರುತ್ತದೆ.

ವಿಂಡೋಸ್‌ನ ಫಾಂಟ್ ಫೋಲ್ಡರ್ ತೆರೆದು ಆ ಫಾಂಟಿನ ಮೇಲೆ ಡಬಲ್ ಕ್ಲಿಕ್ ಮಾಡಿ. ರೆಗ್ಯುಲರ್, ಇಟಾಲಿಕ್, ಬೋಲ್ಡ್, ಬೋಲ್ಡ್ ಇಟಾಲಿಕ್ ನಾಲ್ಕೂ ಕಂಡರೆ ಸರಿ. ಪಟ್ಟಿಯಲ್ಲಿ ಬೋಲ್ಡ್ ಇಟಾಲಿಕ್ ಎಂದೇ ಇದ್ದರೆ ಅದನ್ನೇ ಆರಿಸಿ, ಆಮೇಲೆ ಬಿ ಒತ್ತಬೇಡಿ. ಮೊದಲೇ ದಪ್ಪಗಿರುವುದಕ್ಕೆ ಮತ್ತೆ ದಪ್ಪ ಬಳಿದು ಮಸಿ ಹರಡಿದ ಹಾಗಾಗುವುದನ್ನು ಪ್ರಿಂಟ್ ಆದ ಮೇಲೆ ಕಂಡವರು ಬಹಳ. ಫೋಟೊಶಾಪಿನ ಕ್ಯಾರೆಕ್ಟರ್ ಪ್ಯಾನೆಲ್‌ನಲ್ಲಿ ಫಾಕ್ಸ್ (ನಕಲಿ) ಬೋಲ್ಡ್, ಫಾಕ್ಸ್ ಇಟಾಲಿಕ್ ಎಂಬ ಎರಡು ಗುಂಡಿ ಇವೆ. ಹಿಂದಿನ ಕೆಲಸದಲ್ಲಿ ಒತ್ತಿದ್ದು ಹಾಗೇ ಉಳಿದಿರುವುದುಂಟು, ಹೊಸ ಕೆಲಸ ಶುರು ಮಾಡುವಾಗ ಅವನ್ನು ಆಫ್ ಮಾಡಿ. ಬೇರೆಯವರು ಕೊಟ್ಟ ಪಿಡಿಎಫ್ ಆದರೆ ಪ್ರಾಪರ್ಟೀಸ್‌ನಲ್ಲಿ ಫಾಂಟ್ಸ್ ಪುಟ ನೋಡಿ. ಓರೆ ಕಾಣುವ ಪದ ಪುಟದಲ್ಲಿದ್ದೂ ಪಟ್ಟಿಯಲ್ಲಿ ಇಟಾಲಿಕ್ ಎಂಬ ಹೆಸರಿಲ್ಲದಿದ್ದರೆ, ಒಂದೋ ನಕಲಿ, ಇಲ್ಲವೇ ಅಕ್ಷರವನ್ನು ಚಿತ್ರವಾಗಿಸಿದ್ದಾರೆ.

ದುಡ್ಡು ಕೊಡದೆ ಸಿಗುವ, ವ್ಯಾಪಾರದ ಕೆಲಸಕ್ಕೂ ಬಳಸಬಹುದಾದ, ನಿಜವಾದ ಬೋಲ್ಡ್ ಇಟಾಲಿಕ್ ಇರುವ ಸೆರಿಫ್‌ಗಳು ಈಗ ಸಾಕಷ್ಟಿವೆ. ಪ್ಲೇಫೇರ್ ಡಿಸ್ಪ್ಲೇ, ಲೋರಾ, ಮೆರಿವೆದರ್, ಇಬಿ ಗ್ಯಾರಮಂಡ್, ಪಿಟಿ ಸೆರಿಫ್, ನೋಟೊ ಸೆರಿಫ್, ಎಲ್ಲವೂ ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತವೆ. ಇವುಗಳಲ್ಲಿ ಪ್ಲೇಫೇರ್ ದೊಡ್ಡ ಗಾತ್ರಕ್ಕೆ ಮಾತ್ರ. ಅದರ ತೆಳು ಗೆರೆ ಕೂದಲೆಳೆ, 14 ಪಾಯಿಂಟಿನ ಕೆಳಗೆ ಕಾಗದದಲ್ಲಿ ಕಳೆದುಹೋಗುತ್ತದೆ. ಸಣ್ಣ ಗಾತ್ರಕ್ಕೆ ಲೋರಾ ಅಥವಾ ಮೆರಿವೆದರ್ ಗಟ್ಟಿ.

ಕನ್ನಡವನ್ನು ಓರೆ ಮಾಡಿದರೆ ಆಗುವುದೇನು

ಓರೆ ಮಾಡುವುದೆಂದರೆ ಅಕ್ಷರ ಕೂತಿರುವ ಗೆರೆಯನ್ನು ಹಿಡಿದು ಮೇಲಿನದನ್ನು ಬಲಕ್ಕೆ ತಳ್ಳುವುದು. ಹಾಗೆ ತಳ್ಳಿದಾಗ ಗೆರೆಯ ಕೆಳಗಿರುವುದು ಎಡಕ್ಕೆ ಜಾರುತ್ತದೆ. ಇಂಗ್ಲಿಷಿನಲ್ಲಿ ಗೆರೆಯ ಕೆಳಗೆ ಇಳಿಯುವುದು ಜಿ, ಪಿ, ಕ್ಯೂ, ವೈ ಮುಂತಾದ ನಾಲ್ಕೈದು ಬಾಲಗಳಷ್ಟೆ. ಕನ್ನಡದಲ್ಲಿ ಕೆಳಗೆ ಒಂದು ಇಡೀ ಅಂತಸ್ತೇ ಇದೆ: ಒತ್ತು, ಒತ್ತಿನ ಒತ್ತು, ವಟ್ರಸುಳಿ.

‘ಲಕ್ಷ್ಮೀ’ ಎಂಬ ಪದವನ್ನೇ ತೆಗೆದುಕೊಳ್ಳಿ. ಬೋರ್ಡಿನ ಮೇಲೆ ಗೆರೆಯಿಂದ ತಲೆಕಟ್ಟಿನವರೆಗೆ 10 ಇಂಚು, ಗೆರೆಯಿಂದ ಕೆಳಗೆ ಷ-ಮ ಒತ್ತುಗಳಿಗೆ 4 ಇಂಚು ಎಂದಿಟ್ಟುಕೊಳ್ಳಿ. 12 ಡಿಗ್ರಿ ಓರೆ ಮಾಡಿದರೆ ತಲೆಕಟ್ಟು 2.1 ಇಂಚು ಬಲಕ್ಕೆ ಹೋಗುತ್ತದೆ, ಕೆಳಗಿನ ಮ-ಒತ್ತಿನ ತಳ 0.85 ಇಂಚು ಎಡಕ್ಕೆ. ಮೇಲಕ್ಕೂ ಕೆಳಕ್ಕೂ ಹತ್ತಿರ ಹತ್ತಿರ ಮೂರು ಇಂಚಿನ ಅಂತರ ಬಿತ್ತು. ಮೂಲದಲ್ಲಿ ಬಲಕ್ಕೆ ಆತುಕೊಂಡಿದ್ದ ಒತ್ತು ಈಗ ಹಿಂದಿನ ‘ಲ’ದ ಕೆಳಗೆ ನುಸುಳುತ್ತದೆ. ದೀರ್ಘದ ತಲೆ ಮುಂದಿನ ಅಕ್ಷರದ ತಲೆಕಟ್ಟಿಗೆ ಬಡಿಯುತ್ತದೆ. ‘ಸ್ತ್ರೀ’, ‘ಕೃಷ್ಣ’, ‘ರಾಷ್ಟ್ರ’ ಇವೆಲ್ಲ ಇದೇ ಪಾಡು ಪಡುತ್ತವೆ. ‘ಮದನ’, ‘ಕಮಲ’ ಎಂಬಂಥ ಒತ್ತಿಲ್ಲದ ಪದಗಳು ಓರೆಯಾದರೂ ಬಚಾವಾಗುತ್ತವೆ, ಹಾಗಾಗಿ ಅಂಥ ಒಂದು ಪದ ನೋಡಿ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ.

ದಪ್ಪವನ್ನೂ ಓರೆಯನ್ನೂ ಕೂಡಿಸುವುದರಲ್ಲಿ ಇನ್ನೊಂದು ತೊಂದರೆ. ನೋಟೊ ಸೆರಿಫ್ ಕನ್ನಡದಲ್ಲಿ 100ರಿಂದ 900ರವರೆಗೆ ಒಂಬತ್ತು ತೂಕಗಳಿವೆ, ಆದರೆ ಇಟಾಲಿಕ್ ಇಲ್ಲ. ಟಿರೋ ಕನ್ನಡದಲ್ಲಿ ಓರೆ ರೂಪವಿದೆ, ಆದರೆ ಬೋಲ್ಡ್ ಇಲ್ಲ. ದಪ್ಪವೂ ಓರೆಯೂ ಎರಡೂ ಬೇಕೆಂದು ಗುಂಡಿ ಒತ್ತಿದರೆ ಅಲ್ಲಿ ಒಂದಾದರೂ ನಕಲಿಯೇ. ಅದಕ್ಕೇ ಹೇಳುವುದು, ಇಂಗ್ಲಿಷಿನಲ್ಲಿ ಓರೆ ಮಾಡುವ ಕೆಲಸವನ್ನು ಕನ್ನಡದಲ್ಲಿ ತೂಕಕ್ಕೆ, ಬಣ್ಣಕ್ಕೆ, ಗಾತ್ರಕ್ಕೆ ಅಥವಾ ಒಂಟಿ ಉದ್ಧರಣ ಚಿಹ್ನೆಗೆ ವಹಿಸಿ. ನಮ್ಮ ಲಿಪಿ ಮೊದಲೇ ದುಂಡು, ಮೊದಲೇ ಕೈಬರಹದ ಬಳುಕು ಇರುವಂಥದ್ದು. ಅದಕ್ಕೆ ಇನ್ನೊಂದು ಬಳುಕು ಸಾಲ ತರಬೇಕಾಗಿಲ್ಲ.

ಜೋಡಿ ಹೊಂದಿಸುವ ವಿಧಾನ ಹೀಗೆ. ಇಂಗ್ಲಿಷಿನ ದಪ್ಪ ಗೆರೆಯ ಅಡ್ಡಳತೆ ಲೆಕ್ಕ ಹಾಕಿ. ಟೈಮ್ಸ್ ಬೋಲ್ಡ್ ಇಟಾಲಿಕ್ 24 ಪಾಯಿಂಟಿನಲ್ಲಿದ್ದರೆ ಗೆರೆ ಸುಮಾರು 2.9 ಪಾಯಿಂಟ್. ಕೋರಲ್ ಎಂಬ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಷ್ಟೇ ಅಗಲದ ಒಂದು ಪುಟ್ಟ ಆಯತ ಎಳೆದು, ಕನ್ನಡದ ‘ದ’ ಅಥವಾ ‘ರ’ದ ಹೊಟ್ಟೆಯ ಗೆರೆಯ ಮೇಲೆ ತಂದಿಡಿ. ಗೆರೆ ಆಯತಕ್ಕಿಂತ ತೆಳುವಾಗಿದ್ದರೆ ಒಂದು ತೂಕ ಮೇಲೆ ಹೋಗಿ, ದಪ್ಪಗಿದ್ದರೆ ಒಂದು ಕೆಳಗೆ. ಅಕ್ಷರಗಾತ್ರದ ಅಂಕಿ ಒಂದೇ ಇಟ್ಟರೆ ಎತ್ತರ ಒಂದೇ ಆಗುತ್ತದೆ ಎಂದು ನಂಬಬೇಡಿ, ಫಾಂಟಿನಿಂದ ಫಾಂಟಿಗೆ ಅದು ಬೇರೆ. ‘ದ’ದ ಎತ್ತರ ಇಂಗ್ಲಿಷಿನ ಸಣ್ಣ ಎಕ್ಸ್‌ಗಿಂತ ತುಸು ಹೆಚ್ಚು, ದೊಡ್ಡಕ್ಷರಕ್ಕಿಂತ ತುಸು ಕಡಿಮೆ ಇರುವ ಹಾಗೆ ಗಾತ್ರ ಹೊಂದಿಸಿ. ಸಾಲಿನ ಅಂತರ ಇಂಗ್ಲಿಷಿಗೆ ಗಾತ್ರದ ಶೇ. 120 ಸಾಕು, ಕನ್ನಡಕ್ಕೆ 140ರಿಂದ 150 ಬೇಕು. ಕಡಿಮೆ ಕೊಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಮಾದರಿ: ಒಂದು ಲಗ್ನಪತ್ರಿಕೆ

5 ಇಂಚು ಅಗಲ, 7 ಇಂಚು ಎತ್ತರದ ಕಾರ್ಡು, ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಇಂಗ್ಲಿಷ್. ಸುತ್ತ ಅರ್ಧ ಇಂಚು ಅಂಚು ಬಿಟ್ಟರೆ ಅಗಲಕ್ಕೆ 4 ಇಂಚು, ಅಂದರೆ 288 ಪಾಯಿಂಟ್.

ಇಂಗ್ಲಿಷ್ ಮಗ್ಗುಲಿನಲ್ಲಿ ದಪ್ಪ ಓರೆ ಬರಬೇಕಾದದ್ದು ಎರಡೇ ಕಡೆ: ವರನ ಹೆಸರು, ವಧುವಿನ ಹೆಸರು. 28 ಪಾಯಿಂಟ್ ಇಡಿ. ಟೈಮ್ಸ್‌ನಂಥ ಅಕ್ಷರದಲ್ಲಿ ಒಂದು ಸಣ್ಣಕ್ಷರಕ್ಕೆ ಸರಾಸರಿ ಗಾತ್ರದ ಅರ್ಧಕ್ಕಿಂತ ತುಸು ಕಡಿಮೆ ಜಾಗ. ಹಾಗಾಗಿ ಹದಿನಾಲ್ಕು ಅಕ್ಷರದ ಹೆಸರಿಗೆ 190 ಪಾಯಿಂಟ್ ಆಸುಪಾಸು ಹಿಡಿಯುತ್ತದೆ, 288ರಲ್ಲಿ ನಿರಾಳ. ಹೆಸರಿನ ಮುಂದೆ ಇಬ್ಬರಿಗೂ ಇಂಜಿನಿಯರಿಂಗ್ ಪದವಿ ಬರೆಸುವುದು ಈಗಿನ ರೂಢಿ. ಪದವಿಯನ್ನು ಅದೇ ದಪ್ಪ ಓರೆಯಲ್ಲಿ ಹಾಕಿದರೆ ದೊಡ್ಡಕ್ಷರ, ಚುಕ್ಕಿ, ದೊಡ್ಡಕ್ಷರ, ಚುಕ್ಕಿ ಎಂದು ಹೆಸರಿಗಿಂತ ಅದೇ ಮುಂದೆ ಬಂದು ಕೂರುತ್ತದೆ. ನೇರ ರೆಗ್ಯುಲರ್‌ನಲ್ಲಿ 11 ಪಾಯಿಂಟಿಗೆ ಇಳಿಸಿ ಕೆಳಗಿನ ಸಾಲಿಗೆ ಕಳಿಸಿ. ಎರಡು ಹೆಸರಿನ ನಡುವಿನ ‘ವೆಡ್ಸ್’ ಬರೀ ಇಟಾಲಿಕ್, 14 ಪಾಯಿಂಟ್. ಅದರ ಬದಲು ಆಂಪರ್ಸಂಡ್ (&) ಹಾಕುವುದಾದರೆ ಅದನ್ನು ಮಾತ್ರ 40 ಪಾಯಿಂಟಿಗೆ ಹಿಗ್ಗಿಸಿ ನೋಡಿ, ಒಳ್ಳೆಯ ಇಟಾಲಿಕ್‌ಗಳಲ್ಲಿ ಅದೇ ಎಲ್ಲಕ್ಕಿಂತ ಚೆಂದದ ಅಕ್ಷರ.

ದಿನಾಂಕ, ಮುಹೂರ್ತ, ಮಂಟಪದ ವಿಳಾಸ ನೇರ ಅಕ್ಷರದಲ್ಲಿ 11 ಪಾಯಿಂಟ್. ಓರೆ ದಪ್ಪ ಅಂಕಿಯಲ್ಲಿ 3, 8, 6 ದೂರದಿಂದ ಒಂದೇ ಥರ ಕಾಣುತ್ತವೆ. ವಯಸ್ಸಾದವರು ಕನ್ನಡಕ ಹುಡುಕದೆ ಓದಬೇಕಾದದ್ದು ಇದೊಂದೇ ಭಾಗ, ಇಲ್ಲಿ ಅಲಂಕಾರ ಬೇಡ.

ಕನ್ನಡ ಮಗ್ಗುಲಿಗೆ ಬನ್ನಿ. ಮೇಲೆ ‘ಶ್ರೀ ಲಕ್ಷ್ಮೀ ನರಸಿಂಹಸ್ವಾಮಿ ಪ್ರಸನ್ನ’. ದೇವರಾಯನದುರ್ಗದ ಒಕ್ಕಲಾದರೆ ಇದು ತಪ್ಪದು, ನೋಡಿ, ಮೊದಲ ಸಾಲಿನಲ್ಲೇ ಒತ್ತುಗಳ ಜಾತ್ರೆ. ಇದನ್ನು ಓರೆ ಮಾಡಲೇಬೇಡಿ. 12 ಪಾಯಿಂಟ್, ಕುಂಕುಮದ ಬಣ್ಣ, ಅಷ್ಟೇ ಸಾಕು. ‘ಚಿ|| ರಾ||’, ‘ಚಿ|| ಕುಂ|| ಸೌ||’ ಎಂಬವು ರೆಗ್ಯುಲರ್, 12 ಪಾಯಿಂಟ್. ಹೆಸರು ಬೋಲ್ಡ್, 24 ಪಾಯಿಂಟ್. ಎರಡರ ತೂಕದ ಅಂತರವೇ ಹೆಸರನ್ನು ಎತ್ತಿ ಹಿಡಿಯುತ್ತದೆ, ಇಂಗ್ಲಿಷ್ ಮಗ್ಗುಲಿನಲ್ಲಿ ಓರೆ ಮಾಡಿದ ಕೆಲಸವೇ ಇದು.

ಇನ್ನು ಅಕ್ಷರದ ನಡುವಿನ ಸಂದು. ದೊಡ್ಡ ವಿ ಆದ ಮೇಲೆ ಸಣ್ಣ ಎ ಬಂದರೆ, ಉದಾಹರಣೆಗೆ ವರುಣ್ ಎಂದು ಇಂಗ್ಲಿಷಿನಲ್ಲಿ ಬರೆದರೆ, ನಡುವೆ ಕಿಂಡಿ ಕಾಣುತ್ತದೆ. ಕೋರಲ್‌ನಲ್ಲಿ ಎಫ್10 ಒತ್ತಿ ಶೇಪ್ ಟೂಲ್ ತೆಗೆದು, ಎ ಕೆಳಗಿನ ಚೌಕದ ಗುರುತು ಹಿಡಿದು ಎಡಕ್ಕೆ ಸರಿಸಿ. ಸಣ್ಣ ಎಫ್ ಆದ ಮೇಲೆ ನೇರ ಆವರಣ ಬಂದರೆ ಎಫ್‌ನ ತಲೆ ಅದಕ್ಕೆ ಗುದ್ದುತ್ತದೆ, ಅಲ್ಲಿ ಸಂದು ಹೆಚ್ಚಿಸಬೇಕು. ಸಣ್ಣಕ್ಷರಗಳ ನಡುವೆ ಮಾತ್ರ ಒಟ್ಟಾರೆಯಾಗಿ ಅಂತರ ಕೊಡಬೇಡಿ. ಒಂದರ ಬಾಲ ಮುಂದಿನದಕ್ಕೆ ಹರಿಯುವಂತೆ ಬರೆದ ಅಕ್ಷರ ಅದು, ಬಿಡಿಸಿದರೆ ಹಲ್ಲು ಉದುರಿದ ಹಾಗೆ. ಪೂರ್ತಿ ಹೆಸರನ್ನು ದೊಡ್ಡಕ್ಷರದಲ್ಲಿ ದಪ್ಪ ಓರೆ ಮಾಡುವುದನ್ನೂ ಬಿಡಿ. ಗಿರಾಕಿ ಹಟ ಹಿಡಿದರೆ ಆಗ ಅಂತರ ತುಸು ಹೆಚ್ಚಿಸಿ. ನಡುವಿಗೆ ಹೊಂದಿಸಿದ ಸಾಲು ಕಣ್ಣಿಗೆ ಬಲಕ್ಕೆ ಸರಿದಂತೆ ಕಂಡರೆ 1 ಮಿ.ಮೀ. ಎಡಕ್ಕೆ ತಳ್ಳಿ. ಇಲ್ಲಿ ಸಾಫ್ಟ್‌ವೇರಿನ ಲೆಕ್ಕಕ್ಕಿಂತ ಕಣ್ಣು ದೊಡ್ಡದು.

ಈಗ ಆ ಶೇ. 4ರ ಲೆಕ್ಕ. ಕಾರ್ಡಿಗೆ ಚಿನ್ನದ ಫಾಯಿಲ್ ಅಥವಾ ಸ್ಕ್ರೀನ್ ಪ್ರಿಂಟ್ ಎಂದಾದರೆ 0.3 ಮಿ.ಮೀ.ಗಿಂತ ತೆಳು ಗೆರೆ ಅರ್ಧ ಹತ್ತಿ ಅರ್ಧ ಬಿಡುವ ಭಯ. 0.3 ಮಿ.ಮೀ. ಎಂದರೆ ಸುಮಾರು 0.85 ಪಾಯಿಂಟ್. ಅದು ಗಾತ್ರದ ಶೇ. 4.2 ಆಗಬೇಕಾದರೆ ಅಕ್ಷರ 20 ಪಾಯಿಂಟ್ ಇರಬೇಕು. ಹಾಗಾಗಿ ಟೈಮ್ಸ್ ಬೋಲ್ಡ್ ಇಟಾಲಿಕ್ ಅನ್ನು ಫಾಯಿಲ್‌ಗೆ 20ಕ್ಕಿಂತ ಕೆಳಗೆ ಇಳಿಸಬೇಡಿ, ಪ್ಲೇಫೇರ್ ಆದರೆ ಇನ್ನೂ ದೊಡ್ಡದು ಬೇಕು. ಆಫ್‌ಸೆಟ್‌ನಲ್ಲಿ ಗಾಢ ಬಣ್ಣದ ಮೇಲೆ ಬಿಳಿ ಅಕ್ಷರ ಬಿಡುವಾಗ ಗೆರೆ ಅರ್ಧ ಪಾಯಿಂಟಾದರೂ ಇರಲಿ, ಅಂದರೆ ಅಕ್ಷರ 12 ಪಾಯಿಂಟ್. ಇಲ್ಲದಿದ್ದರೆ ಸುತ್ತಲಿನ ಇಂಕು ಒಳಗೆ ಹರಿದು ಮೊನೆಗಳನ್ನು ನುಂಗುತ್ತದೆ. ಮರೂನ್ ಬಣ್ಣ ಮೂರು ನಾಲ್ಕು ಪ್ಲೇಟಿನಿಂದ ಬರುವುದು; ಒಂದು ಪ್ಲೇಟ್ ಕೂದಲೆಳೆ ಸರಿದರೂ ಬಿಳಿ ಅಕ್ಷರದ ಅಂಚಿಗೆ ಗುಲಾಬಿ ನೆರಳು. ಕಪ್ಪು ಅಕ್ಷರವನ್ನು ಕಪ್ಪು ಪ್ಲೇಟ್ ಒಂದರಲ್ಲೇ ಶೇ. 100 ಇಡಿ, ನಾಲ್ಕೂ ಬಣ್ಣ ಬೆರೆಸಿದ ಕಪ್ಪು ಬೇಡ.

ಅಂಗಡಿ ಬೋರ್ಡು

ರಾಜ್ಯದಲ್ಲಿ 2024ರ ತಿದ್ದುಪಡಿಯ ನಂತರ ನಾಮಫಲಕದ ಶೇ. 60 ಭಾಗ ಕನ್ನಡ, ಅದೂ ಮೇಲ್ಭಾಗದಲ್ಲಿ. 8 ಅಡಿ ಅಗಲ, 3 ಅಡಿ ಎತ್ತರದ ಬೋರ್ಡಾದರೆ 36 ಇಂಚು ಎತ್ತರದಲ್ಲಿ ಕನ್ನಡದ ಪಟ್ಟಿ ಕನಿಷ್ಠ 21.6 ಇಂಚು, ಇಂಗ್ಲಿಷಿಗೆ ಉಳಿಯುವುದು 14.4 ಇಂಚು. ಡಿಸೈನ್ ಶುರು ಮಾಡುವ ಮೊದಲೇ ಈ ಗೆರೆ ಎಳೆದುಕೊಂಡರೆ ಆಮೇಲೆ ಬೋರ್ಡು ಇಳಿಸಿ ಮತ್ತೆ ಏರಿಸುವ ಕರ್ಮ ತಪ್ಪುತ್ತದೆ.

ಆ 14.4 ಇಂಚಿನಲ್ಲಿ ಮೇಲೂ ಕೆಳಗೂ ಜಾಗ ಬಿಟ್ಟು, ಜಿ-ವೈಗಳ ಬಾಲಕ್ಕೂ ಜಾಗ ಬಿಟ್ಟು, ದೊಡ್ಡಕ್ಷರಕ್ಕೆ 7 ಇಂಚು ಸಿಗುತ್ತದೆ. ಬೋರ್ಡು ಮಾಡುವವರ ರೂಢಿಯ ಲೆಕ್ಕ, ಒಂದು ಇಂಚು ಎತ್ತರಕ್ಕೆ ಹತ್ತು ಅಡಿ ದೂರ ಸಲೀಸು ಓದು. 7 ಇಂಚು ಎಂದರೆ 70 ಅಡಿ, ರಸ್ತೆಯ ಆಚೆ ಬದಿಯವರಿಗೆ ಸಾಕು. ಟೈಮ್ಸ್‌ನಲ್ಲಿ ದೊಡ್ಡಕ್ಷರದ ಎತ್ತರ ಗಾತ್ರದ ಮೂರರಲ್ಲೆರಡು ಭಾಗ, ಹಾಗಾಗಿ ಫಾಂಟ್ ಗಾತ್ರ ಸುಮಾರು 750 ಪಾಯಿಂಟ್. ಆ ಗಾತ್ರದಲ್ಲಿ 92 ಇಂಚು ಅಗಲಕ್ಕೆ ಹದಿನೇಳು ಹದಿನೆಂಟು ಅಕ್ಷರ ಹಿಡಿಸುತ್ತದೆ. ಹೆಸರು ಅದಕ್ಕಿಂತ ಉದ್ದವಾದರೆ ಅಗಲವನ್ನು ಹಿಂಡಬೇಡಿ. ಪಕ್ಕದಿಂದ ಹಿಂಡಿದರೆ ದಪ್ಪ ಗೆರೆ ಸಪೂರವಾಗಿ, ತೆಳು ಗೆರೆ ಹಾಗೇ ಉಳಿದು ಅಕ್ಷರದ ಹದವೇ ಕೆಡುತ್ತದೆ. ‘ಸಿಲ್ಕ್ಸ್ ಅಂಡ್ ಸ್ಯಾರೀಸ್’ ಎಂಬಂಥ ಬಾಲವನ್ನು ಸಣ್ಣ ನೇರ ಅಕ್ಷರದಲ್ಲಿ ಕೆಳಗಿಡಿ, ಹೆಸರು ಮಾತ್ರ ದಪ್ಪ ಓರೆ.

ಫ್ಲೆಕ್ಸಿನಲ್ಲಿ ಯಾವ ಗೆರೆಯೂ ಬರುತ್ತದೆ. ತೊಂದರೆ ಬರುವುದು ಕತ್ತರಿಸಿ ಮಾಡುವ ಅಕ್ಷರದಲ್ಲಿ. 750 ಪಾಯಿಂಟಿನಲ್ಲಿ ಟೈಮ್ಸ್‌ನ ದಪ್ಪ ಗೆರೆ ಒಂದೂಕಾಲು ಇಂಚು, ತೆಳು ಗೆರೆ ಸುಮಾರು 11 ಮಿ.ಮೀ. ಒಳಗೆ ಎಲ್‌ಇಡಿ ಕೂರಿಸುವ ಅಕ್ರಿಲಿಕ್ ಅಕ್ಷರವಾದರೆ ಆ 11 ಮಿ.ಮೀ. ಸಂದಿನಲ್ಲಿ ಮಾಡ್ಯೂಲ್ ಕೂರುವುದು ಕಷ್ಟ, ಸಂಜೆ ದೀಪ ಹಾಕಿದಾಗ ಅಕ್ಷರದ ಅರ್ಧ ಬೆಳಕು ಅರ್ಧ ಕತ್ತಲು. ಇಂಥ ಕೆಲಸಕ್ಕೆ ತೆಳು-ದಪ್ಪದ ಅಂತರ ಕಡಿಮೆ ಇರುವ, ಮೊನೆ ಮೊಂಡಾಗಿರುವ ಸೆರಿಫ್ ಆರಿಸಿ, ಇಲ್ಲವೇ ಅಕ್ಷರದ ಹಿಂದಿನಿಂದ ಬೆಳಕು ಬಿಡಿ. ವಿನೈಲ್ ಕಟಿಂಗ್‌ನಲ್ಲಿ ಹೆಚ್ಚಾದದ್ದನ್ನು ಸುಲಿಯುವಾಗ ಸೂಜಿಮೊನೆಯ ಸೆರಿಫ್‌ಗಳು ಜೊತೆಗೇ ಎದ್ದು ಬರುತ್ತವೆ. ಕಾರಿನ ಗಾಜಿನ ಮೇಲೆ ಸಣ್ಣ ಗಾತ್ರದಲ್ಲಿ ಹಾಕುವವರು ಪ್ಲೇಫೇರ್ ಕಡೆ ತಲೆ ಹಾಕದಿರುವುದು ಕ್ಷೇಮ.

ನೋಟ್ಸು, ಪ್ರಶ್ನೆಪತ್ರಿಕೆ, ಕರಪತ್ರ

ಇಲ್ಲಿ ದಪ್ಪ ಓರೆ ಅಲಂಕಾರವಲ್ಲ, ಅರ್ಥ. ಪಿಯುಸಿ ಭೌತಶಾಸ್ತ್ರದ ನೋಟ್ಸು ಟೈಪ್ ಮಾಡುವವರು ಗಮನಿಸಿ: ಐಎಸ್‌ಒ 80000 ಮಾನಕದ ಪ್ರಕಾರ ಅದಿಶ (ದಿಕ್ಕಿಲ್ಲದ) ರಾಶಿಯ ಸಂಕೇತ ಇಟಾಲಿಕ್, ಸದಿಶ (ದಿಕ್ಕಿರುವ) ರಾಶಿಯ ಸಂಕೇತ ಬೋಲ್ಡ್ ಇಟಾಲಿಕ್ (ಅಥವಾ ಇಟಾಲಿಕ್‌ನ ತಲೆ ಮೇಲೆ ಬಾಣ), ಏಕಮಾನ ಯಾವಾಗಲೂ ನೇರ. ಬಲದ ಎಫ್ ದಪ್ಪ ಓರೆ, ದ್ರವ್ಯರಾಶಿಯ ಎಂ ಬರೀ ಓರೆ, ನ್ಯೂಟನ್‌ನ ಎನ್ ನೇರ. ಮೀಟರಿನ ಎಂ ಓರೆಯಾದರೆ ಅದು ದ್ರವ್ಯರಾಶಿಯ ಎಂ ಆಗಿಬಿಡುತ್ತದೆ. ಹೀಗೆ ಒಂದು ಗುಂಡಿಯ ತಪ್ಪಿಗೆ ವಿದ್ಯಾರ್ಥಿ ಅರ್ಧ ಗಂಟೆ ತಲೆ ಕೆರೆದುಕೊಳ್ಳುತ್ತಾನೆ.

ತೋಟಗಾರಿಕೆಯ ಕರಪತ್ರಗಳಲ್ಲಿ ಜೀವಿಗಳ ವೈಜ್ಞಾನಿಕ ಹೆಸರು ಇಂಗ್ಲಿಷ್ ಲಿಪಿಯಲ್ಲಿ ಓರೆಯಾಗಿ ಬರಬೇಕು. ತೆಂಗಿನ ಕೋಕಸ್ ನ್ಯೂಸಿಫೆರಾ, ಮಾವಿನ ಮ್ಯಾಂಜಿಫೆರಾ ಇಂಡಿಕಾ, ರಾಗಿಯ ಎಲುಸಿನೆ ಕೊರಕಾನ. ಹೆಡ್ಡಿಂಗು ದಪ್ಪಗಿದ್ದರೆ ಅದರೊಳಗಿನ ಈ ಹೆಸರು ದಪ್ಪ ಓರೆ. ಮೊದಲ ಪದದ ಮೊದಲಕ್ಷರ ಮಾತ್ರ ದೊಡ್ಡದು. ತಳಿಯ ಹೆಸರು ಓರೆ ಅಲ್ಲ, ನೇರವಾಗಿ ಒಂಟಿ ಉದ್ಧರಣ ಚಿಹ್ನೆಯೊಳಗೆ. ಇದೇ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಓರೆಯ ಗೊಡವೆ ಬೇಡ. ಇಡೀ ಸಾಲೇ ದಪ್ಪ ಓರೆಯಾಗಿದ್ದು ಅದರೊಳಗೆ ಓರೆಯಾಗಬೇಕಾದ ಪದ ಬಂದರೆ ಅದನ್ನು ನೇರ ಮಾಡಿ, ವ್ಯತ್ಯಾಸ ಹಾಗೂ ಉಳಿಯುತ್ತದೆ.

ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡಿಸುವವರ ಕರಪತ್ರ ಇನ್ನೊಂದು ಬಗೆ. ಒಂದು ಹಾಳೆಯಲ್ಲಿ ಪಾತ್ರ, ಪಾತ್ರಧಾರಿ, ದಾನಿಗಳು, ಹಾರ್ಮೋನಿಯಂ ಮಾಸ್ಟರು ಎಲ್ಲರೂ ಬರಬೇಕು. ಪಾತ್ರದ ಹೆಸರನ್ನು ಓರೆ ಮಾಡಿ ಬೇರ್ಪಡಿಸುವ ಚಾಳಿಯಿದೆ, ‘ದುರ್ಯೋಧನ’ದ ಅರ್ಕಾವತ್ತು, ‘ಕೃಷ್ಣ’ನ ಒತ್ತು ಎಲ್ಲ ಪಕ್ಕದವರ ಮೇಲೆ ಬೀಳುತ್ತವೆ. ಪಾತ್ರ ಬೋಲ್ಡ್, ಪಾತ್ರಧಾರಿ ರೆಗ್ಯುಲರ್, ನಡುವೆ ಒಂದು ಟ್ಯಾಬ್. ಮುಗಿಯಿತು.

ಫೋನಿನಲ್ಲಿ

ವಾಟ್ಸಾಪ್‌ನಲ್ಲಿ ಪದದ ಎರಡೂ ಕಡೆ ನಕ್ಷತ್ರ ಹಾಕಿದರೆ ದಪ್ಪ, ಅಡಿಗೆರೆ ಹಾಕಿದರೆ ಓರೆ. ಕನ್ನಡ ಸಂದೇಶಕ್ಕೆ ನಕ್ಷತ್ರ ಸಾಕು. ವೆಬ್‌ಸೈಟ್ ಮಾಡುವವರು ಕನ್ನಡ ಭಾಗಕ್ಕೆ ಫಾಂಟ್-ಸ್ಟೈಲ್ ನಾರ್ಮಲ್ ಎಂದು ಬರೆದುಬಿಡಿ, ಇಲ್ಲದಿದ್ದರೆ ಬ್ರೌಸರ್ ತಾನೇ ನಕಲಿ ಓರೆ ಹುಟ್ಟಿಸುತ್ತದೆ. ಇನ್‌ಸ್ಟಾಗ್ರಾಂ ಪರಿಚಯದಲ್ಲಿ ಅಂಗಡಿ ಹೆಸರು ದಪ್ಪ ಓರೆ ಬರಲೆಂದು ಎಲ್ಲಿಂದಲೋ ನಕಲು ಮಾಡಿ ಅಂಟಿಸುವ ಅಕ್ಷರಗಳು ಫಾಂಟೇ ಅಲ್ಲ. ಅವು ಗಣಿತಕ್ಕಾಗಿ ಯೂನಿಕೋಡ್ ಕೊಟ್ಟಿರುವ ಸಂಕೇತಗಳು, ಇಂಗ್ಲಿಷಿನ 52 ಅಕ್ಷರಕ್ಕೂ ಗ್ರೀಕ್ ಅಕ್ಷರಗಳಿಗೂ ಅಷ್ಟೇ ಇವೆ. ಅಂಕಿಗೂ ಇಲ್ಲ, ಕನ್ನಡಕ್ಕೂ ಇಲ್ಲ. ಹುಡುಕಿದವರಿಗೆ ಅಂಗಡಿ ಸಿಗದೆ ಹೋಗಬಹುದು, ದೃಷ್ಟಿ ಇಲ್ಲದವರ ಫೋನು ಆ ಹೆಸರನ್ನು ಪದವಾಗಿ ಓದದೆ ತಡವರಿಸುತ್ತದೆ.

ಪ್ರೆಸ್ಸಿಗೆ ಕೊಡುವಾಗ

ನುಡಿ, ಶ್ರೀಲಿಪಿಯ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದವು) ಟೈಪ್ ಮಾಡಿದ ಮ್ಯಾಟರ್ ಆದರೆ ಎಲ್ಲವನ್ನೂ ಸೆಲೆಕ್ಟ್ ಮಾಡಿ ಇಂಗ್ಲಿಷ್ ಫಾಂಟ್ ಹಾಕಬೇಡಿ. ಕನ್ನಡವೆಲ್ಲ ಚಿಹ್ನೆಗಳ ರಾಶಿಯಾಗುತ್ತದೆ. ಇಂಗ್ಲಿಷ್ ಪದಗಳನ್ನು ಮಾತ್ರ ಹಿಡಿದು ಬದಲಿಸಿ. ಯೂನಿಕೋಡ್ ಆದರೆ ಇನ್‌ಡಿಸೈನ್‌ನಲ್ಲಿ ಒತ್ತುಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸಿದ್ದೀರಾ ನೋಡಿ. ಹಳೆಯ ಕೋರಲ್ ಆವೃತ್ತಿಗಳಲ್ಲಿ ಯೂನಿಕೋಡ್ ಒತ್ತು ಬಿಡಿಬಿಡಿಯಾಗಿ ನಿಲ್ಲುವುದುಂಟು, ಅದನ್ನು ಪ್ರೂಫಿನಲ್ಲೇ ಹಿಡಿಯಬೇಕು.

ಪ್ರೂಫನ್ನು ಕಾಗದದ ಮೇಲೆ, ನಿಜ ಗಾತ್ರದಲ್ಲೇ ತೆಗೆಯಿರಿ. ಪರದೆಯಲ್ಲಿ ಶೇ. 300ಕ್ಕೆ ಹಿಗ್ಗಿಸಿ ನೋಡಿದ ಅಕ್ಷರ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ತೋಳು ಚಾಚಿ ಹಿಡಿದು, ಇ ಮತ್ತು ಎ ಹೊಟ್ಟೆಯೊಳಗೆ ಬಿಳಿ ಉಳಿದಿದೆಯೇ, ಸಾಲಿನ ಕೊನೆಯ ಅಕ್ಷರದ ತಲೆ ಬಾರ್ಡರಿಗೆ ತಾಗಿದೆಯೇ ನೋಡಿ.

ಆಮೇಲೆ ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ಸ್ ಮಾಡಿ, ಎಂದರೆ ಅಕ್ಷರವನ್ನು ಚಿತ್ರವಾಗಿಸಿ. ಇದನ್ನು ಮರೆತರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದೆ ಬೇರೊಂದು ಬಂದು ಕೂರುತ್ತದೆ. ಕರ್ವ್ಸ್ ಮಾಡುವ ಮೊದಲು ಮೂಲ ಫೈಲಿನ ಒಂದು ಪ್ರತಿ ಬೇರೆ ಹೆಸರಿನಲ್ಲಿ ಉಳಿಸಿ. ಕರ್ವ್ಸ್ ಆದ ಅಕ್ಷರವನ್ನು ತಿದ್ದಲು ಬರುವುದಿಲ್ಲ, ಮುಹೂರ್ತದ ಸಮಯ ಬದಲಾಯಿತೆಂದು ಹುಡುಗಿಯ ಮನೆಯವರ ಫೋನು ಬರುವುದು ಪ್ಲೇಟ್ ಹಾಕುವ ಹೊತ್ತಿಗೇ.